ಇಡ್ಲಿ ಹಿಟ್ಟಿಗೆ ಮಲ್ಟಿಮೀಟರ್ ಹಚ್ಚಿದ ಪ್ರಸಂಗ

ನನ್ನ ಮಾತನ್ನು ಯಾರಾದರೂ ಒಂದೇ ಸಲಕ್ಕೆ ಕೇಳಿದ್ದು ಈ ಜೀವಮಾನದಲ್ಲಿ ಇಲ್ಲ. ಮನೆಯಲ್ಲಿ ಹೆಂಡತಿ ಉಮಾ ಕೇಳುವುದಿಲ್ಲ. ಕತ್ರಿಗುಪ್ಪೆಯ ಆಟೋದವರು ಕೇಳುವುದಿಲ್ಲ. ಜೆ.ಪಿ. ನಗರದಲ್ಲಿ ನಾನು ಕೆಲಸ ಮಾಡುವ ಸಣ್ಣ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಂತೂ ನಾನು ಸ್ವಿಚ್ ಹಾಕಿದರೆ ಫ್ಯಾನ್ ಕೂಡ ಸ್ವಲ್ಪ ಯೋಚನೆ ಮಾಡಿಯೇ ತಿರುಗುತ್ತದೆ. ಇಂಥ ನನ್ನನ್ನು ಕಂಪನಿಯವರು ಒಂದು ತರಬೇತಿಗೆ ಕಳಿಸಿದರು. ಡಿಜಿಟಲ್ ಮಲ್ಟಿಮೀಟರನ್ನು ಕೈಯಿಂದ ಮುಟ್ಟದೆ, ಕಂಪ್ಯೂಟರಿನ ಮೂಲಕ ದೂರದಿಂದಲೇ ನಡೆಸುವ ತರಬೇತಿ!

ಮಲ್ಟಿಮೀಟರ್ ನೀವು ನೋಡಿರುತ್ತೀರಿ. ಎಲೆಕ್ಟ್ರಿಷಿಯನ್ ಬಂದಾಗ ಎರಡು ವೈರು ಚುಚ್ಚಿ ಕರೆಂಟು ಇದೆಯೋ ಇಲ್ಲವೋ ನೋಡುತ್ತಾನಲ್ಲ, ಅದೇ. ನಮ್ಮ ಕಾರ್ಖಾನೆಯದು ಅದರ ಶ್ರೀಮಂತ ದೊಡ್ಡಪ್ಪ. ಮೇಜಿನ ಮೇಲೆ ಗಂಭೀರವಾಗಿ ಕೂರುತ್ತದೆ. ವೋಲ್ಟು, ಆಂಪಿಯರುಗಳ ಜೊತೆಗೆ, ತಕ್ಕ ವೈರು ಸಿಕ್ಕಿಸಿದರೆ ಉಷ್ಣಾಂಶವನ್ನೂ ಅಳೆಯುತ್ತದೆ. ಕಂಪ್ಯೂಟರಿನಿಂದ “ಯಾರಪ್ಪಾ ನೀನು?” ಎಂದು ಒಂದು ಸಾಲಿನ ಆಜ್ಞೆ ಕಳಿಸಿದರೆ ಸಾಕು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ತನ್ನ ಹೆಸರು, ಮನೆತನ, ನಂಬರು ಎಲ್ಲವನ್ನೂ ಒಪ್ಪಿಸುತ್ತದೆ. “ಉಷ್ಣಾಂಶ ಹೇಳು” ಎಂದರೆ ಹೇಳುತ್ತದೆ. ಎದುರು ಮಾತಿಲ್ಲ! “ಆಮೇಲೆ ನೋಡೋಣ” ಇಲ್ಲ! ಇನ್ನೂ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಮೀಟರಿನ ಮುಖದ ಮೇಲಿನ ಗುಂಡಿಗಳೆಲ್ಲ ಬಂದ್. ಆಮೇಲೆ ಅದು ಕಂಪ್ಯೂಟರಿನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಇದನ್ನು ಕಲಿತ ದಿನ ನಾನು ಆ ಆಜ್ಞೆಯನ್ನು ಸುಮ್ಮಸುಮ್ಮನೆ ಮತ್ತೆ ಮತ್ತೆ ಕೊಟ್ಟು ನೋಡಿದೆ.

“ಮನೆಗೆ ತಗೊಂಡ್ಹೋಗಿ ಪ್ರಾಕ್ಟೀಸ್ ಮಾಡಿ” ಎಂದು ಬಾಸ್ ಒಂದು ಮೀಟರನ್ನು ಕೊಟ್ಟು ಕಳಿಸಿದರು. ಪ್ರಾಕ್ಟೀಸಿಗೆ ವಿಷಯವೂ ಮನೆಯಲ್ಲೇ ಕಾದಿತ್ತು.

ಉಮಾಳ ತವರು ಗಿರಿನಗರದಲ್ಲಿದೆ. ಅವಳ ತಮ್ಮ ಮಹೇಶನಿಗೆ ಬಹಳ ವರ್ಷದ ಮೇಲೆ ಹೆಣ್ಣುಮಗು ಹುಟ್ಟಿ, ಆ ಭಾನುವಾರ ನಾಮಕರಣ. ಮಹೇಶನ ಮಾವ ವೀರಭದ್ರಪ್ಪನವರು, ಅಂದರೆ ನಮ್ಮ ಬೀಗರು, ಬೆಳಗಿನ ತಿಂಡಿಯನ್ನು ಹೋಟೆಲಿನಿಂದ ತರಿಸೋಣ ಎಂದಿದ್ದರು. ಉಮಾ ಎಲ್ಲರ ಮುಂದೆ, “ಹೋಟ್ಲಿಂದ ಯಾಕೆ? ಇಡ್ಲಿ ನನ್ನ ಜವಾಬ್ದಾರಿ. ಸೋದರತ್ತೆ ಅಂತ ನಾನು ಇರೋದು ಯಾಕೆ?” ಎಂದುಬಿಟ್ಟಳು. ಮಾತು ಕೊಟ್ಟಾಗಿತ್ತು. ಆದರೆ ಅದು ಡಿಸೆಂಬರ್. ಬೆಂಗಳೂರಿನ ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಸರ್ಕಾರಿ ಕಡತದ ಹಾಗೆ ಇಟ್ಟಲ್ಲೇ ಇರುತ್ತದೆ. ಹಿಂದಿನ ವಾರವಷ್ಟೇ ನಮ್ಮ ಮನೆಯಲ್ಲಿ ಹಿಟ್ಟು ಉಬ್ಬದೆ, ಇಡ್ಲಿಯನ್ನು ತಟ್ಟೆಗೆ ಹಾಕಿದರೆ ಟಣ್ ಎಂದಿತ್ತು.

“ನೀನು ಹಿಟ್ಟು ರುಬ್ಬು. ಉಬ್ಬಿಸೋದು ನನಗೆ ಬಿಡು” ಎಂದೆ.

“ಹಿಟ್ಟು ಉಬ್ಬೋದರಲ್ಲಿ ನಿಮ್ಮದೇನ್ರೀ ಕೆಲಸ?”

“ವಿಜ್ಞಾನ!”

ಉಮಾ ನನ್ನನ್ನು ಒಂದು ಗಳಿಗೆ ನೋಡಿದಳು. ವಾದ ಮಾಡಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ವಾದ ಮಾಡದಿದ್ದರೆ ಗಂಡನಾದವನು ಎಚ್ಚರವಾಗಬೇಕಿತ್ತು. ನಾನು ಆಗಲಿಲ್ಲ.

ಶನಿವಾರ ಬೆಳಿಗ್ಗೆಯೇ ಕೆಲಸ ಆರಂಭವಾಯಿತು. ಅತ್ತ ಗ್ರೈಂಡರ್ ತಿರುಗುತ್ತಿತ್ತು, ಇತ್ತ ನನ್ನ ತಲೆ. ಉಗ್ರಾಣದ ಕಿಟಕಿಗೆ ಅಂಟಿಕೊಂಡೇ ಇರುವ ಮರದ ಬೀರುವೇ ನನ್ನ ಪ್ರಯೋಗಶಾಲೆ. ಮೇಲಿನ ಅರೆಯಲ್ಲಿ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಒಂದು ಹಳೆಯ ಕಾಲದ ಬಿಸಿ ಬಲ್ಬು. ವೈರು ಗಿಡ್ಡವಾದ್ದರಿಂದ ಮೀಟರನ್ನೂ ಲ್ಯಾಪ್‌ಟಾಪನ್ನೂ ನೇರ ಕೆಳಗಿನ ಅರೆಯಲ್ಲಿಟ್ಟೆ. ಉಷ್ಣಾಂಶದ ವೈರನ್ನು ಬಿಸಿನೀರಿನಲ್ಲಿ ತೊಳೆದು, ಅದರ ತುದಿಯನ್ನು ಹಿಟ್ಟಿನೊಳಗೆ ಇಳಿಬಿಟ್ಟೆ. ನಿಮಿಷಕ್ಕೊಮ್ಮೆ ಲ್ಯಾಪ್‌ಟಾಪ್ ಮೀಟರನ್ನು ಕೇಳಬೇಕು, ಮೀಟರ್ ಹೇಳಬೇಕು. ಹಿಟ್ಟು ತಣ್ಣಗಾದರೆ ಲ್ಯಾಪ್‌ಟಾಪೇ ಬಲ್ಬನ್ನು ಹತ್ತಿಸಬೇಕು, ಬಿಸಿಯಾದರೆ ಆರಿಸಬೇಕು, ನನ್ನ ಮೊಬೈಲಿಗೆ ವರದಿ ಒಪ್ಪಿಸಬೇಕು. ಉಷ್ಣಾಂಶ ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಮೀಟರ್ ತಾನೇ ಬೀಪ್ ಬೀಪ್ ಎಂದು ಕೂಗಬೇಕು. ಮೀಸಲು ಪಡೆಯಾಗಿ ಬೀರುವಿನ ಎದುರು ಒಂದು ರೂಮ್ ಹೀಟರನ್ನೂ ನಿಲ್ಲಿಸಿ, ಅದರ ಸ್ವಿಚ್ಚನ್ನೂ ಲ್ಯಾಪ್‌ಟಾಪಿಗೇ ಒಪ್ಪಿಸಿದೆ. ಕೊನೆಗೆ ಗುಂಡಿಗಳನ್ನೆಲ್ಲ ಬಂದ್ ಮಾಡುವ ಆ ನನ್ನ ಮೆಚ್ಚಿನ ಆಜ್ಞೆಯನ್ನೂ ಕೊಟ್ಟೆ.

ಉಮಾಳಿಗೆ ಸಹಾಯ ಮಾಡಲು ಪಕ್ಕದ ಮನೆಯ ಶಾಂತಕ್ಕ ಬಂದಿದ್ದರು. ಗದಗಿನ ಕಡೆಯವರು. ಬೀರುವಿನೊಳಗೆ ಇಣುಕಿ ನೋಡಿ, “ಹಿಟ್ಟಿಗೆ ಆರಾಮ ಇಲ್ಲೇನ್ರಿ ಸರ? ಐಸಿಯುದಾಗ ಇಟ್ಟೀರಿ!” ಎಂದರು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಪಾತ್ರೆ ಕಂಠದವರೆಗೂ ತುಂಬಿತ್ತು. “ಎಲ್ಲರಿಗೂ ಇಷ್ಟು ಸಾಕಾಗುತ್ತಾ?” ಎಂದೆ. “ನೀವು ಇದನ್ನ ನೋಡ್ಕೊಳ್ಳಿ, ಸಾಕು” ಎಂದಳು ಉಮಾ. ಅಡುಗೆಮನೆಯ ಲೆಕ್ಕ ನನಗೆ ತಿಳಿಯದು.

ಹಿಂದಿನ ದಿನವೇ ಬಾ ಎಂದು ತವರಿನವರು ಕರೆದಿದ್ದರಿಂದ ಇಬ್ಬರೂ ಗಿರಿನಗರಕ್ಕೆ ಹೊರಟೆವು. ಬಾಗಿಲ ಬಳಿ ಬಂದ ಮೇಲೆ ಉಮಾಳಿಗೆ ನೆನಪಾಯಿತು.

“ಅಯ್ಯೋ, ಉಪ್ಪು ಕಲಸಿಲ್ಲ! ರೀ, ಆ ವೈರ್ ಸ್ವಲ್ಪ ತೆಗೀರಿ.”

ತೆಗೆದೆ. ಒರೆಸಿದೆ. ಕಿಟಕಿಯ ಸರಳಿಗೆ ಸುತ್ತಿ, ತುದಿಯನ್ನು ಆಚೆಗೆ ಇಳಿಬಿಟ್ಟೆ. ಉಮಾ ಮಣಿಕಟ್ಟಿನವರೆಗೂ ಹಿಟ್ಟಿನೊಳಗೆ ಕೈ ಹಾಕಿ ಕಲಸಿ, ಮುಚ್ಚಳ ಮುಚ್ಚಿದಳು. ನಾನು ಬೀರುವಿನ ಬಾಗಿಲು ಮುಚ್ಚಿದೆ. ಮನೆಗೆ ಬೀಗ ಹಾಕಿದೆ. ಸ್ಕೂಟರ್ ಹತ್ತಿದೆ. ವೈರು ಕಿಟಕಿಯಲ್ಲೇ ಇತ್ತು!

ಇದು ನನಗೆ ಗೊತ್ತಾದದ್ದು ಸಂಜೆಗೆ. ಅಲ್ಲಿಯವರೆಗೆ ನಾನು ಗಿರಿನಗರದಲ್ಲಿ ವಿಜ್ಞಾನಿಯಾಗಿ ಬಾಳಿದೆ.

“ಭಾವ, ಕತ್ರಿಗುಪ್ಪೇಲಿರೋ ಹಿಟ್ಟನ್ನ ಇಲ್ಲಿಂದ್ಲೇ ಕಂಟ್ರೋಲ್ ಮಾಡ್ತೀರಾ? ಸಖತ್!” ಎಂದ ಮಹೇಶ. ಗಿರಿನಗರಕ್ಕೂ ಕತ್ರಿಗುಪ್ಪೆಗೂ ನಡುವೆ ಇರುವ ದೂರಕ್ಕೆ ಆಟೋದವರು ಗಾಡಿ ತಿರುಗಿಸಲೂ ಒಪ್ಪುವುದಿಲ್ಲ. ಆದರೂ ನಾನು ಚಂದ್ರನಿಗೆ ನೌಕೆ ಕಳಿಸಿದವನ ಹಾಗೆ ತಲೆಯಾಡಿಸಿದೆ. ಮೊಬೈಲ್ ಕೈಯಿಂದ ಕೈಗೆ ಹೋಯಿತು. ಬೀಗರಾದ ವೀರಭದ್ರಪ್ಪನವರು ಕನ್ನಡಕ ಏರಿಸಿ ನೋಡಿದರು.

“ಇಪ್ಪತ್ತೆರಡು ಅಂತಿದೆಯಲ್ಲ ಸಾರ್?”

ನಾನು ಇಣುಕಿದೆ. ಹೌದು! ಹಿಟ್ಟಿಗೆ ಚಳಿ ಹತ್ತಿತ್ತು. ಕೂಡಲೇ ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಆಜ್ಞೆ ಹೋಯಿತು: ಬಲ್ಬನ್ನು ಆರಿಸಲೇಕೂಡದು. ಸ್ವಲ್ಪ ಹೊತ್ತು ಕಾದೆ. ಇಪ್ಪತ್ತೆರಡೇ. ನನಗೂ ಹಟ ಬಂತು. ಮೀಸಲು ಪಡೆಯನ್ನು ರಣರಂಗಕ್ಕೆ ಇಳಿಸಿದೆ. ಹೀಟರ್ ಆನ್!

“ಅಳಿಯಂದ್ರೇ, ಈಗ ಹೇಗಿದೆ ಹಿಟ್ಟು?” ನಮ್ಮ ಅತ್ತೆ ಆತಂಕದಿಂದ ಕೇಳಿದರು.

“ನಿಗಾದಲ್ಲಿದೆ ಅತ್ತೆ. ಗಾಬರಿಯಾಗ್ಬೇಡಿ.”

ಊಟದ ಹೊತ್ತಿಗೆ ಅಂಕಿ ಮೆಲ್ಲಗೆ ಏರತೊಡಗಿತು. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು! ನಾನು ಎಲೆಯ ಮುಂದಿನಿಂದಲೇ ಘೋಷಿಸಿದೆ. ಮಹೇಶ ಚಪ್ಪಾಳೆ ತಟ್ಟಿದ. ಬೀಗರು ಪಕ್ಕದವರಿಗೆ, “ಇವರು ಜೆ.ಪಿ. ನಗರದಲ್ಲಿ ಇದೇ ಕೆಲಸದಲ್ಲಿದ್ದಾರೆ” ಎಂದು ಪರಿಚಯಿಸಿದರು. ಅಸಲಿಗೆ ನಮ್ಮ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಸೂರ್ಯ ಮಾಡಿದ ಕೆಲಸಕ್ಕೆ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಆಮೇಲೆ ಮೋಡ ಮುಚ್ಚಿತು. ಅಂಕಿ ಮತ್ತೆ ಇಳಿಯಿತು. ಬಲ್ಬು ಹತ್ತಿದೆ, ಹೀಟರ್ ಉರಿಯುತ್ತಿದೆ, ಹಿಟ್ಟು ಮಾತ್ರ ತಣ್ಣಗಾಗುತ್ತಲೇ ಇದೆ! ಹಿಟ್ಟಿಗೆ ನನ್ನ ಮೇಲೆ ಏನೋ ದ್ವೇಷವಿದೆ ಎನಿಸಿತು. ಉಮಾ ಹತ್ತಿರ ಬಂದು ಪಿಸುಗುಟ್ಟಿದಳು.

“ರೀ, ಬಲ್ಬು ಹೀಟರು ಎರಡೂ ಉರೀತಿದ್ರೆ ತಣ್ಣಗೆ ಹೇಗಾಗುತ್ತೆ? ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ.”

“ಹೋಗಿ ನೋಡೋದಾದ್ರೆ ರಿಮೋಟ್ ಯಾಕೆ ಬೇಕು?” ಎಂದೆ. ಎಂಥ ಉತ್ತರ! ಅಲ್ಲಿದ್ದವರೆಲ್ಲ ಮೆಚ್ಚಿದರು.

ಸ್ವಲ್ಪ ಹೊತ್ತಿಗೆ ವರದಿ ಬರುವುದೇ ನಿಂತಿತು. ಎಷ್ಟು ಆಜ್ಞೆ ಕಳಿಸಿದರೂ ಲ್ಯಾಪ್‌ಟಾಪ್ ಉಸಿರೆತ್ತಲಿಲ್ಲ. “ನೆಟ್‌ವರ್ಕು” ಎಂದು ಎಲ್ಲರಿಗೂ ಹೇಳಿದೆ. ಬೆಂಗಳೂರಿನಲ್ಲಿ ಈ ಒಂದು ಮಾತು ಹೇಳಿದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಷ್ಟರಲ್ಲಿ ಶಾಂತಕ್ಕನ ಫೋನ್ ಬಂತು.

“ಸರ, ನಿಮ್ಮ ಮನ್ಯಾಗ ಏನೋ ಒಂದ ಸವನ ಕೂಗಾಕತ್ತೈತ್ರಿ. ಮುಂಜಾನಿಂದ ಯಾವ್ದೋ ಲಾರಿ ರಿವರ್ಸ್ ತಗೊಳ್ಳಾಕತ್ತೈತಿ ಅನ್ಕೊಂಡಿದ್ದೆ. ಮಧ್ಯಾಹ್ನ ಸ್ವಲ್ಪ ಬಾಯಿ ಮುಚ್ಚಿತ್ತು, ಮತ್ತ ಶುರು ಆಗೈತಿ. ಮ್ಯಾಲ ಹುಳಿ ವಾಸನಿ ಬ್ಯಾರೆ!”

ಸ್ಕೂಟರನ್ನು ನಾನು ಎಂದೂ ಅಷ್ಟು ವೇಗವಾಗಿ ಓಡಿಸಿದವನಲ್ಲ.

ಬಾಗಿಲು ತೆಗೆದರೆ ಮನೆಯೆಲ್ಲ ಹುಳಿ ಹಿಟ್ಟಿನ ವಾಸನೆ. ಉಗ್ರಾಣದಲ್ಲಿ ಬೇಸಿಗೆ ಕಾಲ. ಬೀರುವಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತ್ತು, ಏಕೆಂದರೆ ಒಳಗೆ ಜಾಗವಿರಲಿಲ್ಲ! ದಿನವಿಡೀ ಬೆಂಕಿ ಕಾಯಿಸಿಕೊಂಡ ಹಿಟ್ಟು ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಎದ್ದು ನಿಂತಿತ್ತು. ಎದ್ದದ್ದು ಉಕ್ಕಿತ್ತು, ಉಕ್ಕಿದ್ದು ಕೆಳಗಿನ ಅರೆಗೆ ಇಳಿದು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಹರಡಿ ಹದವಾಗಿ ಕೂತಿತ್ತು. ಬಲ್ಬಿನ ಕಡೆಯ ಹಿಟ್ಟು ಆಗಲೇ ಬೆಂದಿತ್ತು. ನಡುವೆ ಕೊರಳವರೆಗೂ ಹಿಟ್ಟಿನಲ್ಲಿ ಮುಳುಗಿದ ಮೀಟರ್, ಬೀಪ್ ಬೀಪ್ ಬೀಪ್! ಅದರ ಮುಖದ ಮೇಲೆ ಇಪ್ಪತ್ತೆರಡು.

ಆಗ ಕಣ್ಣು ಕಿಟಕಿಯತ್ತ ಹೋಯಿತು. ಸರಳಿಗೆ ಸುತ್ತಿದ ವೈರು ಡಿಸೆಂಬರಿನ ಗಾಳಿಗೆ ಹಾಯಾಗಿ ತೂಗುತ್ತಿತ್ತು. ಇಡೀ ದಿನ ಗಿರಿನಗರದಲ್ಲಿ ಕೂತು ನಾನು ಕತ್ರಿಗುಪ್ಪೆಯ ಹವಾಮಾನವನ್ನು ಅಳೆದಿದ್ದೆ. ಇಡೀ ಕತ್ರಿಗುಪ್ಪೆಯನ್ನು ಒಂದು ಬಲ್ಬಿನಿಂದ ಬಿಸಿ ಮಾಡಲು ಹೊರಟಿದ್ದೆ!

“ಮೊದ್ಲು ಅದರ ಬಾಯಿ ಮುಚ್ಚಿಸ್ರೀ” ಎಂದಳು ಉಮಾ.

ಹಿಟ್ಟನ್ನು ಒರೆಸಿ ಗುಂಡಿ ಒತ್ತಿದೆ. ಕೇಳಲಿಲ್ಲ. ಎಲ್ಲ ಗುಂಡಿಗಳನ್ನೂ ಒತ್ತಿದೆ. ಹೇಗೆ ಕೇಳೀತು? ಕಂಪ್ಯೂಟರಿನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಬೇಡ ಎಂದು ನಾನೇ ಬೆಳಿಗ್ಗೆ ಆಜ್ಞೆ ಮಾಡಿದ್ದೆ. ಆ ಕಂಪ್ಯೂಟರ್ ಹಿಟ್ಟಿನಡಿ ಸಮಾಧಿಯಾಗಿತ್ತು. ನಾನು ತರಬೇತಿಯ ಪುಸ್ತಕ ಹುಡುಕುತ್ತಿದ್ದಾಗ ಉಮಾ ಕೈ ಚಾಚಿ ಪ್ಲಗ್ ಕಿತ್ತಳು. ಮನೆ ತಣ್ಣಗಾಯಿತು.

ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತೆ. ಲ್ಯಾಪ್‌ಟಾಪ್ ಹೋದದ್ದಕ್ಕಲ್ಲ. ಬೆಳಗಾದರೆ ನಾಮಕರಣ. ತಮ್ಮನ ಮಗುವಿಗೆ, ತವರಿನವರ ಮುಂದೆ, ಬೀಗರ ಎದುರು, ಇಡ್ಲಿ ನನ್ನ ಜವಾಬ್ದಾರಿ ಎಂದವಳು ಬರಿಗೈಯಲ್ಲಿ ಹೋಗಿ ನಿಲ್ಲಬೇಕು. ಅದೂ ನನ್ನಿಂದ. ನಿಜ ಹೇಳುತ್ತೇನೆ, ನನಗೆ ಅಳು ಬಂತು.

“ಉಮಾ, ಅಂಗಡೀಲಿ ಹಿಟ್ಟಿನ ಪ್ಯಾಕೆಟ್ ಸಿಗುತ್ತೆ. ಎಷ್ಟಿದ್ರೂ ತಂದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಏನೂ ಬೇಡ. ಬನ್ನಿ ಇಲ್ಲಿ.”

ನನ್ನನ್ನು ಶಾಂತಕ್ಕನ ಮನೆಗೆ ಕರೆದುಕೊಂಡು ಹೋದಳು. ನಡುಮನೆಯ ಮೂಲೆಯಲ್ಲಿ, ಗಾಳಿ ತಾಗದ ಜಾಗದಲ್ಲಿ, ನಮ್ಮ ಮನೆಯ ದೊಡ್ಡ ಕೊಳಗ ಕೂತಿತ್ತು. ಮೈತುಂಬ ನಮ್ಮ ಮನೆಯ ಕಂಬಳಿ. ಒಂದಲ್ಲ, ಎರಡು. ಉಮಾ ಅಂಚು ಸರಿಸಿ ಮುಚ್ಚಳ ಎತ್ತಿದಳು. ಹಿಟ್ಟು ನೊರೆನೊರೆಯಾಗಿ ಹದವಾಗಿ ಏರುತ್ತಿತ್ತು. ಆ ಪಾತ್ರೆಯ ಮುಂದೆ ನನ್ನ ಬೀರುವಿನ ಪಾತ್ರೆ ಒಂದು ಚೊಂಬು!

“ನಾಮಕರಣದ ಹಿಟ್ಟು ಇದು” ಎಂದಳು.

“ಮತ್ತೆ ನನಗೆ ಕೊಟ್ಟಿದ್ದು?”

“ಅದು ನಿಮಗೆ ಅಂತಲೇ ಬೇರೆ ರುಬ್ಬಿದ್ದು. ಪ್ರಾಕ್ಟೀಸಿಗೆ ಬೇಕಲ್ಲ?”

ಶಾಂತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನನ್ನ ಮುಖ ನೋಡಿ ಉಮಾಳಿಗೆ ಪಾಪ ಎನಿಸಿರಬೇಕು. “ನಿಮ್ಮನ್ನ ನಂಬಲ್ಲ ಅಂತಲ್ಲರೀ” ಎಂದಳು. “ಹಿಟ್ಟನ್ನ ನಂಬಕ್ಕಾಗಲ್ಲ.”

ಮೀಟರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಿ ಕಂಪನಿಗೆ ಒಪ್ಪಿಸಿದ್ದೇನೆ. ಕೆಲಸವೇನೋ ಮಾಡುತ್ತದೆ. ಆದರೆ ಅರ್ಧ ಗಂಟೆ ನಡೆಸಿ ಬಿಸಿಯಾದರೆ ಇಡೀ ವಿಭಾಗಕ್ಕೆ ಹಸಿವಾಗುತ್ತದೆ ಎಂದು ದೂರು ಬಂದಿದೆ.

ಭಾನುವಾರ ಬೆಳಿಗ್ಗೆ ಗಿರಿನಗರದಲ್ಲಿ ಮಗುವಿಗೆ ಹೆಸರಿಟ್ಟರು, ಪಂಕ್ತಿ ಕೂತಿತು. ಉಮಾಳ ಇಡ್ಲಿ ಎಷ್ಟು ಮೃದುವಾಗಿತ್ತೆಂದರೆ, ಮಾತಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ನನಗೆ ಎದೆ ಹಗುರಾಯಿತು. ಅಷ್ಟರಲ್ಲಿ ಮಹೇಶ ಅಲ್ಲಿಂದಲೇ ಕೂಗಿದ, “ಭಾವ, ನಿಮ್ಮ ಮೀಟರ್ ಸೂಪರ್ ಗುರು!” ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ಉಮಾಳ ಇಡ್ಲಿಗೆ ನನಗೆ ಶಹಬ್ಬಾಸ್! ನಮ್ಮ ಅತ್ತೆ, “ಅಳಿಯಂದ್ರು ದಿನವಿಡೀ ಮೊಬೈಲ್ ಹಿಡ್ಕೊಂಡು ಕಷ್ಟಪಟ್ಟಿದ್ದಾರೆ” ಎಂದರು. ಇಡ್ಲಿಯ ಬುಟ್ಟಿ ಹಿಡಿದು ಬಡಿಸುತ್ತಿದ್ದ ಉಮಾ ಕೈ ನಿಲ್ಲಿಸಿದಳು. ಸುಮ್ಮನೆ ನನ್ನನ್ನೇ ನೋಡುತ್ತ ನಿಂತಳು.

ವೀರಭದ್ರಪ್ಪನವರು ಜೇಬಿನಿಂದ ಪೆನ್ನು ತೆಗೆದರು.

“ನಮ್ಮ ಮನೇಲೂ ಇದೇ ತೊಂದ್ರೆ ಸಾರ್. ಕರೆಕ್ಟಾಗಿ ಹೇಳಿ, ಎಷ್ಟು ಡಿಗ್ರೀಲಿ ಇಟ್ಟಿದ್ರಿ?”

ಬಾಯಲ್ಲಿದ್ದ ಇಡ್ಲಿಯನ್ನು ನುಂಗಿದೆ. ಸೋದರತ್ತೆಯ ಹೆಸರನ್ನು ಮೀಟರಿಗೆ ಬರೆದುಕೊಡುವುದು ನನ್ನಿಂದಾಗಲಿಲ್ಲ.

“ಎರಡು ಕಂಬಳಿ ಸಾರ್” ಎಂದೆ.

ಬೀಗರು ಬರೆದುಕೊಂಡರು.