ಅಪ್ಪನ ಹತೋಟಿಯ ಟ್ಯಾಬ್

"ಟ್ಯಾಬ್ ತರುದಾದ್ರೆ ತರುವ. ಆದ್ರೆ ಅದರ ಜುಟ್ಟು ನನ್ನ ಕೈಯಲ್ಲಿರ್ಬೇಕು!"

ಕಲ್ಲುಗುಂಡಿಯ ಲತೀಶ್ ಹೀಗೆಂದು ಘೋಷಿಸಿದ್ದು ಬೆಳಗಿನ ದೋಸೆಯ ಎದುರು. ಮಗಳು ಪ್ರಣೀತಾ ಐದನೇ ಕ್ಲಾಸು. ನವೋದಯ ಪ್ರವೇಶ ಪರೀಕ್ಷೆಯ ಆನ್‌ಲೈನ್ ತರಗತಿ ಭಾನುವಾರ ಶುರು. ಮೊದಲ ದಿನ ಬಾರದವರ ಹೆಸರು ತೆಗೆದುಹಾಕುತ್ತಾರಂತೆ. ಟ್ಯಾಬ್ ಬೇಕೇ ಬೇಕು. ಆದರೆ ನೆರೆಮನೆಯ ಹುಡುಗ ಟ್ಯಾಬ್ ಸಿಕ್ಕಿದ ಮೇಲೆ ತಟ್ಟೆಯಲ್ಲಿ ಮೀನುಂಟೋ ಮುಳ್ಳುಂಟೋ ನೋಡದೆ ಉಣ್ಣುವುದನ್ನು ಲತೀಶ್ ಕಣ್ಣಾರೆ ಕಂಡಿದ್ದ. ಇರುವುದು ಒಬ್ಬಳೇ ಮಗಳು. ಅವಳೂ ಕೈತಪ್ಪಿ ಹೋದರೆ?

ಸುಳ್ಯದ ಜಾಸಿರನ ಮೊಬೈಲ್ ಅಂಗಡಿಯಲ್ಲಿ ಲತೀಶ್ ಒಂದೊಂದೇ ಟ್ಯಾಬನ್ನು ಎತ್ತಿ ತೂಗಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಬೆನ್ನಿಗೆ ಬೆರಳಿನಿಂದ ಕುಟ್ಟಿದ.

"ಲತೀಶಣ್ಣ, ಅದು ತೆಂಗಿನಕಾಯಿ ಅಲ್ಲ ಮಾರಾಯ್ರೆ!" ಜಾಸಿರ್ ಕೈಮುಗಿದ. "ಸಿಮ್ ಹಾಕುವಂಥದ್ದು ಬೇಕಾ, ವೈಫೈ ಮಾತ್ರ ಸಾಕಾ?"

"ಸಿಮ್ಮಾ? ಸಿಮ್ ಇದ್ರೆ ಮಗಳು ಎಲ್ಲಿ ಬೇಕಾದ್ರೂ ಕೂತು ನೋಡ್ತಾಳೆ. ಸಿಮ್ ಇಲ್ಲದ್ದೇ ಕೊಡು!"

ಹೆಂಡತಿ ಭವಿತಾ ಮೊಣಕೈಯಿಂದ ತಿವಿದಳು. "ನಮ್ಮಲ್ಲಿ ವೈಫೈ ಎಲ್ಲಿ ಉಂಟು?"

"ನನ್ನ ಮೊಬೈಲಿಂದ ಕೊಡುದು. ನಾನು ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ಹೇಗೆ?"

"ನಿಮ್ಮ ಮೊಬೈಲಿಗೆ ಮನೆಯಲ್ಲಿ ರೇಂಜ್?"

ಅಂಗಡಿಯಲ್ಲಿ ನಾಲ್ಕು ಜನರೆದುರು ಹೆಂಡತಿಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ ಗಂಡಸು ಆ ವಂಶದಲ್ಲೇ ಹುಟ್ಟಿರಲಿಲ್ಲ! ಇದ್ದುದರಲ್ಲಿ ಭಾರದ ಟ್ಯಾಬನ್ನು ಮುಂದೆ ತಳ್ಳಿ, "ಪ್ಯಾಕ್ ಮಾಡು" ಎಂದ.

ಭಾನುವಾರ ಬಂತು. ಲತೀಶನ ಮನೆಯಿರುವುದು ರಸ್ತೆಯಿಂದ ಕೆಳಗೆ, ತಗ್ಗಿನಲ್ಲಿ. ರೇಂಜ್ ಎಂಬ ಮಹಾನುಭಾವ ಅಂಗಳದ ತುದಿಯವರೆಗೆ ಬಂದು, ಅಲ್ಲೂ ನೆಲಕ್ಕಿಳಿಯದೆ, ಹೆಂಚಿನ ಮಟ್ಟದಲ್ಲೇ ಸುಳಿದು ವಾಪಸಾಗುತ್ತಾನೆ. ಜಗಲಿಯಲ್ಲಿ ಟ್ಯಾಬ್ ಹಿಡಿದು ಕುಳಿತ ಪ್ರಣೀತಾಳ ಎದುರು ಬಿಳಿ ಚಕ್ರವೊಂದು ಸುತ್ತುತ್ತಲೇ ಇತ್ತು.

"ಅಪ್ಪ, ಈಗ ಹಾಜರಿ ಕರೀತಾರೆ!" ಮಗಳ ಕಣ್ಣಲ್ಲಿ ನೀರು.

"ನಾನು ಆಗಲೇ ಹೇಳ್ಲಿಲ್ವಾ? ನಾಳೆಯೇ ಕೊಟ್ಟು ಬದಲಿಸಿ ತನ್ನಿ" ಎಂದಳು ಭವಿತಾ.

"ಬದಲಿಸುದಾ? ಆ ಜಾಸಿರನ ಎದುರು ತಲೆ ತಗ್ಗಿಸುದಾ? ಪ್ರಾಣ ಹೋದ್ರೂ ಇಲ್ಲ!"

ಕೊಟ್ಟಿಗೆಯ ಹೆಂಚಿನ ಮಾಡಿಗೆ ಸಿಕ್ಕಿಸಿಟ್ಟಿದ್ದ, ಹಲಸು ಕೊಯ್ಯುವ ಉದ್ದ ಬಿದಿರಿನ ದೋಟಿಯನ್ನು ಎಳೆದು ತಂದ. ಮೊಬೈಲನ್ನು ತುದಿಗೆ ಬಿಗಿದು, ಅಂಗಳದ ತುದಿಯಲ್ಲಿ ನಿಂತು ಆಕಾಶಕ್ಕೆತ್ತಿದ. ಟ್ಯಾಬಿನಲ್ಲಿ ಟೀಚರ ದನಿ! "ಪ್ರಣೀತಾ?" "ಪ್ರೆಸೆಂಟ್ ಮಿಸ್!" ಲತೀಶ್ ಮೀಸೆ ತಿರುವಿದ. ಅವನನ್ನು ಸೋಲಿಸುವ ಟವರು ಇನ್ನೂ ಎದ್ದಿರಲಿಲ್ಲ!

ಗೆದ್ದ ಖುಷಿಯಲ್ಲಿ ದೋಟಿಯನ್ನು ಮಾಡಿಗೆ ಒರಗಿಸಿದ.

"ಅಪ್ಪಾ! ಮಿಸ್ ಬಾಯಿ ತೆರೆದುಕೊಂಡೇ ನಿಂತುಬಿಟ್ರು!"

ಮತ್ತೆ ಎತ್ತಿ ಹಿಡಿದ. ಮಿಸ್ಸಿನ ಬಾಯಿ ಮುಚ್ಚಿತು, ಗಣಿತ ಮುಂದುವರಿಯಿತು. ತೋಳು ನೋಯತೊಡಗಿತು. ಕೆಂಪಿರುವೆ ಕಾಲು ಹತ್ತಿತು.

"ಸ್ವಲ್ಪ ನೀನು ಹಿಡಿ ಮಾರಾಯ್ತಿ."

"ಆರಿಸಿದವರೇ ಹಿಡೀಲಿ. ನಂಗೆ ಬಂಗುಡೆ ಮೀನು ಕೊಯ್ಲಿಕ್ಕುಂಟು" ಎಂದು ಭವಿತಾ ಒಳಗೆ ಹೋದಳು.

ರಸ್ತೆಯಲ್ಲಿ ಹೋಗುತ್ತಿದ್ದ ನೆರೆಮನೆಯ ಬೋಜಪ್ಪ ನಿಂತು ಕೂಗಿದ: "ಎಂತ ಲತೀಶ್, ಹಲಸಿನಕಾಯಿ ಕೊಯ್ಯುದಾ?"

"ಹೌದು!"

"ಮರ ಎಲ್ಲಿ ಉಂಟು ಮಾರಾಯ?"

ಲತೀಶ್ ಹಲ್ಲು ಕಚ್ಚಿದ. ಜಗ್ಗಲಿಲ್ಲ, ಬಗ್ಗಲಿಲ್ಲ. ಆದರೆ ಬೆಳಿಗ್ಗೆ ಹೊಟ್ಟೆ ತುಂಬ ಕುಡಿದ ಚಹಾಕ್ಕೆ ಇವನ ಹಟ ಗೊತ್ತಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ. ತೊಡೆ ಬಿಗಿ ಮಾಡಿದ. ಬೆವರಿದ. ದೋಟಿ ಇಳಿಸಿದರೆ ಮಗಳ ಕ್ಲಾಸು ಹೋಯಿತು. ಇಳಿಸದಿದ್ದರೆ ತನ್ನ ಮಾನ ಹೋಯಿತು!

ಕೊನೆಗೆ ಆ ಮನೆಯ ಯಜಮಾನ, ಒಂದು ಕೈಯಲ್ಲಿ ದೋಟಿ ಹಿಡಿದುಕೊಂಡೇ ಮಗಳ ಕಡೆ ತಿರುಗಿ, ಇನ್ನೊಂದು ಕೈಯ ಕಿರುಬೆರಳನ್ನು ಮೆಲ್ಲನೆ ಮೇಲಕ್ಕೆತ್ತಿದ.

ಪ್ರಣೀತಾ ಮೈಕ್ ಆಫ್ ಮಾಡಿ ಕಣ್ಣರಳಿಸಿದಳು.

"ಕ್ಲಾಸಿಗೆ ಮೊದಲೇ ಹೋಗಿ ಬರ್ಬೇಕಿತ್ತು ಅಪ್ಪ. ಈಗ ಬಿಡ್ಲಿಕ್ಕಿಲ್ಲ!"