ನಿಂತಲ್ಲೇ ಓಡುವ ಸೈಕಲ್ಲಿನ ಖರೀದಿ ಯೋಗ್ಯತೆ ಕುರಿತು

ಗೃಹ ಖರೀದಿ ಪರಿಶೀಲನಾ ಇಲಾಖೆ
ಮನೆ ಸಂಖ್ಯೆ 402, ನಾಲ್ಕನೇ ಮಹಡಿ, ಬೊಗೊಟಾ

ಸುತ್ತೋಲೆ ಸಂಖ್ಯೆ: ಗೃಖಪ/ಸೈ/7

ವಿಷಯ: ಆನ್‌ಲೈನ್ ತರಗತಿಯುಳ್ಳ ವ್ಯಾಯಾಮದ ಸೈಕಲ್ಲನ್ನು ಶ್ರೀ ಅನ್ಸೆಲ್ಮೊ ಪಿರಾಕಿವೆ ಅವರು ಕೊಳ್ಳುವುದೋ ಬಿಡುವುದೋ ಎಂಬ ಬಗ್ಗೆ.

ಉಲ್ಲೇಖ: 1. ಹೃದ್ರೋಗ ವೈದ್ಯರ ಸಲಹಾ ಚೀಟಿ.
2. ಪತ್ನಿ ಶ್ರೀಮತಿ ರೊಸಾಲ್ಬಾ ಅವರು ಅಡುಗೆಮನೆಯಿಂದ ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಹೃದಯದ ಚಿಕಿತ್ಸೆಯ ನಂತರ ಸದರಿ ಅನ್ಸೆಲ್ಮೊ ಅವರು ದಿನವೂ ಅರ್ಧ ಗಂಟೆ ಸೈಕಲ್ ತುಳಿಯತಕ್ಕದ್ದೆಂದು ವೈದ್ಯರು ಸೂಚಿಸಿರುತ್ತಾರೆ. 'ಮನೆಯೊಳಗೇ' ಎಂಬುದು ಸದರಿಯವರ ಸ್ವಂತ ಸೇರ್ಪಡೆ ಎಂದು ಚೀಟಿಯ ಪರಿಶೀಲನೆಯಿಂದ ಕಂಡುಬಂದಿದೆ. ಮೂವತ್ತು ವರ್ಷ ಪ್ರತಿ ಭಾನುವಾರ, ಕಾರುಗಳಿಗೆ ಪ್ರವೇಶವಿಲ್ಲದ ಬೀದಿಗಳಲ್ಲಿ ಪತ್ನಿಯೊಡನೆ ಸೈಕಲ್ ತುಳಿದ ಇವರನ್ನು ಈಗ ಮೂರು ಗಾಲಿ ಸೈಕಲ್ಲಿನ ಮಕ್ಕಳೂ ಹಿಂದಿಕ್ಕುತ್ತಿರುವುದರಿಂದ, ನಾಚಿ ಮನೆ ಸೇರಿರುತ್ತಾರೆ. ಅಣ್ಣನ ಮಗಳ ಯಂತ್ರವನ್ನು ಹದಿನೈದು ದಿನ ಎರವಲು ತಂದು ಪರೀಕ್ಷಿಸಲಾಗಿ, ಈ ಕೆಳಕಂಡಂತೆ ಆದೇಶಿಸಿದೆ:

1. ಒಳಗೆ ಕಾಲಿಟ್ಟವರು ಇದ್ದವರಿಗೆಲ್ಲ ನಮಸ್ಕಾರ ಹೇಳುವುದು ಈ ಊರಿನ ಮರ್ಯಾದೆಯೇ ಸರಿ. ಆದರೆ ಪರದೆಯ ಮೇಲಿನ 318 ಸಹಪಾಠಿಗಳಿಗೆ ಹೆಸರು ಹಿಡಿದು ನಮಸ್ಕರಿಸುವಷ್ಟರಲ್ಲಿ ತರಗತಿಯೇ ಮುಗಿದಿರುವುದರಿಂದ, ಇನ್ನು ಮುಂದೆ ಸಾಮೂಹಿಕ ನಮಸ್ಕಾರ ಒಂದೇ ಸಾಕು. ಪ್ರತಿನಮಸ್ಕಾರಕ್ಕೆ ಕಾಯತಕ್ಕದ್ದಲ್ಲ.

2. ಶಿಕ್ಷಕಿ 'ಭೇಷ್' ಎಂದಾಗಲೆಲ್ಲ ಕೆಳಗಿಳಿದು ಕೃತಜ್ಞತೆ ಸಲ್ಲಿಸುವುದನ್ನು ನಿಷೇಧಿಸಿದೆ. ಆಕೆಗೆಂದು ಪರದೆಯ ಮುಂದಿಟ್ಟ ಬಿಸಿ ಚಾಕೊಲೇಟ್ ಆರಿಹೋಗಿದ್ದು, ಮರುಕಳಿಸಬಾರದು.

3. ಪರದೆಯಲ್ಲಿ ತಿರುವು ಬಂದಾಗ ಕೈ ತೋರಿಸುವ ಅಗತ್ಯವಿಲ್ಲ. ಹಾಗೆ ಕೈ ತಗುಲಿ ಒಡೆದ ಹೂಜಿಯು ರಸ್ತೆ ಅಪಘಾತದ ವ್ಯಾಪ್ತಿಗೆ ಬರುವುದಿಲ್ಲ.

4. ಹಿಡಿಕೆಯ ಮೇಲೆ ಎರಡು ಅಂಗಿ ಒಣಹಾಕಬಹುದು. ಮೂರನೆಯದು ಬಿದ್ದ ಕ್ಷಣದಿಂದ ಯಂತ್ರವನ್ನು ಪೀಠೋಪಕರಣವೆಂದು ಪರಿಗಣಿಸತಕ್ಕದ್ದು.

5. ಉಲ್ಲೇಖ 2ರ ಆಕ್ಷೇಪಣೆ ಯಥಾವತ್ತಾಗಿ ಹೀಗಿದೆ: "ಗುರುತು ಪರಿಚಯ ಇಲ್ದಿರೋ ಮುನ್ನೂರು ಜನದ ಜೊತೆ ತುಳೀತೀರಿ, ನನ್ ಜೊತೆ ಬರೋಕೆ ನಾಚ್ಕೆ. ಭಾನುವಾರ ಒಬ್ಳೇ ಹೋದ್ರೆ ಹಣ್ಣಿನ ರಸದವಳು ಇನ್ನೂ ಎರಡು ಲೋಟ ತುಂಬಿಸಿ ಇಡ್ತಾಳೆ ಕಣ್ರೀ. ನಿಧಾನ ಆದ್ರೆ ಆಗ್ಲಿ. ನಾನೇನು ಪಂದ್ಯಕ್ಕೆ ಹೋಗ್ತೀನಾ?" ಸದರಿ ಆಕ್ಷೇಪಣೆಯನ್ನು ಅಂಗೀಕರಿಸಿದೆ. ಇಲಾಖೆಗೆ ಬೇಸರವಾಗಿದೆ.

6. ಆದುದರಿಂದ, ಸದರಿ ಯಂತ್ರವು ಸೋಮವಾರದಿಂದ ಶನಿವಾರದವರೆಗೆ, ಅದರಲ್ಲೂ ಮಳೆಯ ದಿನಗಳಲ್ಲಿ, ಖರೀದಿಗೆ ಯೋಗ್ಯವೆಂದೂ ಭಾನುವಾರ ಅಯೋಗ್ಯವೆಂದೂ ತೀರ್ಮಾನಿಸಿದೆ. ಹಿಂದಿಕ್ಕಿ ಹೋಗುವವರನ್ನು ಹೋಗಲು ಬಿಡತಕ್ಕದ್ದು.

(ಸಹಿ)
ಅನ್ಸೆಲ್ಮೊ ಪಿರಾಕಿವೆ
ನಿವೃತ್ತ ಗುಮಾಸ್ತ
ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಏಕೈಕ ಸದಸ್ಯರು

ಪ್ರತಿಗಳು:
1. ಹೃದ್ರೋಗ ವೈದ್ಯರಿಗೆ, ಮಾಹಿತಿಗಾಗಿ.
2. ಶಿಕ್ಷಕಿಗೆ, ವಿಳಾಸ ತಿಳಿದ ನಂತರ.
3. ಶ್ರೀಮತಿ ರೊಸಾಲ್ಬಾ ಅವರಿಗೆ, ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲ ಬಳಿ ಸ್ವಲ್ಪ ಕಾಯುವಂತೆ ಕೋರಿ.