ಬೀಗರಿಗೆ ಬರ್ಗರ್ ಬಡಿಸಿದ ಪ್ರಸಂಗ

"ಈ ಭಾನುವಾರ ನಮ್ಮ ಮನೆಯಲ್ಲಿ ಒಲೆ ಹಚ್ಚಕೂಡದು! ಇದು ನನ್ನ ಆಜ್ಞೆ!" ಎಂದು ನಾನು ಘೋಷಿಸಿದಾಗ, ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಪುಟ್ಟಗಂಗಮ್ಮ ತಲೆ ಕೂಡ ಎತ್ತಲಿಲ್ಲ. ನನ್ನ ಆಜ್ಞೆಗಳಿಗೆ ನಮ್ಮ ಮನೆಯಲ್ಲಿರುವ ಮರ್ಯಾದೆಯೇ ಅಷ್ಟು.

ಆದರೆ ಈ ಸಲ ನಾನು ಬಗ್ಗುವವನಾಗಿರಲಿಲ್ಲ. ನಾನೇನು ಸಾಮಾನ್ಯನೇ? ತಿಪಟೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಮರುಜನ್ಮ ಕೊಡುವವನು! ಜೊತೆಗೆ, ಮಾವನವರು ತೀರಿಕೊಂಡ ಮೇಲೆ ಆ ಮನೆಗೆ ದೊಡ್ಡ ಅಳಿಯ. ನಾದಿನಿ ಚಂದ್ರಕಲಾಳ ಮದುವೆಯ ಭಾರ ನನ್ನ ಹೆಗಲ ಮೇಲಿತ್ತು. ಹಂದನಕೆರೆಯ ಶ್ರೀರಂಗಯ್ಯನವರ ಮಗ ಸಿದ್ದಾರ್ಥ್ ಅವಳನ್ನು ನೋಡಿ ಮೆಚ್ಚಿದ್ದ. ಇವಳಿಗಂತೂ ಅವನು ಎಷ್ಟು ಹಿಡಿಸಿದ್ದನೆಂದರೆ, ಮೊಬೈಲ್ ಸದ್ದಾದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿಸುತ್ತಿದ್ದಳು. ಭಾನುವಾರ ಹಿರಿಯರು ಬಂದು, ಉಂಡು, ಮಾತುಕತೆ ಮುಗಿಸಿದರೆ ಮದುವೆ ಗಟ್ಟಿ.

ಆ ಊಟವನ್ನೇ ನಾನು ಆಧುನಿಕಗೊಳಿಸಲು ಹೊರಟಿದ್ದು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಕೈ ಪಳಗಿಸಿಕೊಂಡು ಬಂದ ನಮ್ಮ ಅಫ್ಜಲ್, ಬಿ.ಎಚ್. ರಸ್ತೆಯಲ್ಲಿ ಹೊಸದಾಗಿ ಬರ್ಗರ್ ಮತ್ತು ರಾಮೆನ್ ಅಂಗಡಿ ತೆರೆದಿದ್ದ. ಬರ್ಗರ್ ಎಂದರೆ ಬನ್ನಿನ ನಡುವೆ ಕೋಳಿ. ರಾಮೆನ್ ಎಂದರೆ ಬೋಗುಣಿ ತುಂಬ ಸಾರು, ಸಾರಿನಲ್ಲಿ ಮುಳುಗಿದ ಜಪಾನಿನ ಶಾವಿಗೆ.

"ಬೀಗರಾಗೋರಿಗೆ ಬನ್ನು ಶಾವ್ಗೆ ಇಕ್ಕಿ ಕಳಿಸ್ತೀರಾ? ಅವ್ರೇನಂದ್ಕತಾರೆ?"

"ಮುಂದುವರಿದ ಮನೆತನ ಅಂದ್ಕತಾರೆ ಕಣೇ! ಇನ್ನೊಂದು ಮಾತು. ಅಲ್ಲಿ ಬಂದು 'ಇನ್ನೊಂಚೂರು ಹಾಕ್ಕಳಿ, ನನ್ನಾಣೆ' ಅಂತ ಬಲವಂತ ಗಿಲವಂತ ಮಾಡಿ ಮಾನ ಕಳೀಬ್ಯಾಡ. ಅಂಥ ಕಡೆ ಯಾರಿಗೆ ಏನು ಬೇಕೋ ಅವರೇ ಹೇಳ್ತಾರೆ. ನೀನು ಬಾಯಿ ಬಿಡಂಗಿಲ್ಲ!"

"ಸರಿ ಬುಡಿ. ನಾನು ತುಟಿ ಪಿಟಕ್ ಅನ್ನಾಕಿಲ್ಲ" ಎಂದಳು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು!

ಭಾನುವಾರ ಬಂತು. ಶ್ರೀರಂಗಯ್ಯ, ಅವರ ಹೆಂಡತಿ ಭೈರಮ್ಮ, ಹುಡುಗ ಸಿದ್ದಾರ್ಥ್, ಇವರೆಲ್ಲರ ಮೇಲೆ ಅಧಿಕಾರ ನಡೆಸುವ ಅಜ್ಜಿ ಹುಚ್ಚಕ್ಕ ಬಸ್ಸಿಳಿದರು. ಅವರನ್ನು ನೇರವಾಗಿ ಅಫ್ಜಲನ ಅಂಗಡಿಗೆ ಕರೆದೊಯ್ದು, ಕೆಂಪು ಕುರ್ಚಿಗಳಲ್ಲಿ ಪ್ರತಿಷ್ಠಾಪಿಸಿದೆ. ಚಂದ್ರಕಲಾ ಹೊಸ ಸೀರೆಯಲ್ಲಿ ಅಕ್ಕನ ಪಕ್ಕ ಮುದುರಿ ಕೂತಳು. ಅಫ್ಜಲ್ ನಗುನಗುತ್ತಾ ಬಂದ.

"ಏನ್ ಕೊಡ್ಲಿ ಯಜಮಾನ್ರೆ?"

"ಅಯ್ಯೋ, ನಮ್ಗೇನೂ ಬ್ಯಾಡ ಕಣಪ್ಪ. ಈಗ್ತಾನೆ ಉಂಡ್ಕಂಡು ಬಂದಿದೀವಿ" ಎಂದರು ಶ್ರೀರಂಗಯ್ಯ.

"ನಂಗೂ ಹೊಟ್ಟೆ ಭಾರ" ಎಂದರು ಭೈರಮ್ಮ. ಹುಡುಗ ನಾಚಿಕೊಂಡು ತಲೆಯಾಡಿಸಿದ. ಹುಚ್ಚಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂಗ್ಯಾತರ ಹಸಿವು, ಬುಡು ಮಗ" ಎಂದಿತು.

ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಯಾರಿಗಾದರೂ ಇದರ ಅರ್ಥ ಗೊತ್ತು. ನೆಂಟರು ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲ ಕೈ ಅಡ್ಡ ಹಿಡಿಯಬೇಕು. ಆಮೇಲೆ ನಾವು ಆಣೆ ಪ್ರಮಾಣ ಮಾಡಿ, ಅಡ್ಡ ಹಿಡಿದ ಕೈ ಸರಿಸಿ ಬಡಿಸಬೇಕು. ಕೇಳಿದ ತಕ್ಷಣ "ಹಾಕಿ" ಅಂದರೆ ಹೊಟ್ಟೆಬಾಕರು ಅಂದುಕೊಂಡಾರು ಎಂಬ ಭಯ ಅವರಿಗೆ! ನನಗೂ ಗೊತ್ತಿತ್ತು. ಆದರೆ ಅವತ್ತು ನಾನು ಆಧುನಿಕನಾಗಿದ್ದೆನಲ್ಲ!

"ಅಣ್ಣ, ಇನ್ನೊಂದ್ಸಲ ಕೇಳ್ಲಾ?" ಎಂದು ಅಫ್ಜಲ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಬೇಡ ಅಂದೋರನ್ನ ಪೀಡಿಸಬಾರ್ದು ಕಣ್ಲಾ. ಅವರ ಇಷ್ಟಕ್ಕೆ ಗೌರವ ಕೊಡಬೇಕು" ಎಂದು ಗಟ್ಟಿಯಾಗಿಯೇ ಹೇಳಿದೆ. ಬೀಗರ ಮುಖಗಳು ಒಟ್ಟಿಗೆ ಇಳಿದವು. ನಾನು ಅದನ್ನು ನನ್ನ ನಾಗರಿಕ ನಡತೆಗೆ ತೋರಿದ ಭಕ್ತಿ ಎಂದು ತಿಳಿದೆ.

ಮೇಜು ಖಾಲಿ ಇಟ್ಟುಕೊಂಡು ಕೂರುವುದು ಅಫ್ಜಲನಿಗೆ ಅವಮಾನ ಎಂದು ನನ್ನೊಬ್ಬನಿಗೆ ಒಂದು ಬರ್ಗರ್, ಒಂದು ರಾಮೆನ್ ತರಿಸಿಕೊಂಡೆ. ಬರ್ಗರ್ ಕಚ್ಚಿದೆ. ಮುಂದಿನಿಂದ ಕಚ್ಚಿದರೆ ಹಿಂದಿನಿಂದ ಕೋಳಿ ಹೊರಗೆ ಜಿಗಿಯಿತು! ಹುಚ್ಚಕ್ಕನ ಕಣ್ಣು ಆ ಕೋಳಿಯ ಜೊತೆಗೇ ತಟ್ಟೆಗೆ ಬಿತ್ತು. ಶಾವಿಗೆ ಹೀರಿದೆ. ಅದು ಸೊರ್ರೆಂದು ಮೇಲೇರಿ ನನ್ನ ಮೂಗಿಗೆ ಬಾರಿಸಿ, ಶ್ರೀರಂಗಯ್ಯನವರ ಬಿಳಿ ಅಂಗಿಯ ಮೇಲೆ ಸಾರು ಸಿಡಿಸಿತು. ಮೇಜಿನ ಕೆಳಗೆ ಪುಟ್ಟಗಂಗಮ್ಮ ನನ್ನ ಕಾಲು ತುಳಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಇಂಥ ಸಲಿಗೆಯೇ ಎಂದು ನಾಚಿದೆ. ಇನ್ನೊಮ್ಮೆ ತುಳಿದಳು. ಈ ಸಲ ಹಿಮ್ಮಡಿಯಿಂದ!

ಬೋಗುಣಿ ಬರಿದು ಮಾಡಿ, "ಊಟ ಆಯ್ತು. ಮನೇಗೋಗಿ ಮಾತುಕತೆ ಶುರು ಮಾಡಾಣ್ವ?" ಎಂದೆ.

"ಯಾರ ಊಟ ಆಯ್ತು?" ಎಂದು ಶ್ರೀರಂಗಯ್ಯ ಹೆಗಲಿನ ಟವೆಲ್ ಕೊಡವಿ ಎದ್ದರು. "ಹೊತ್ತು ಮೂಡಕ್ ಮುಂಚೆ ಮನೆ ಬುಟ್ಟೋರು ನಾವು. ಬೀಗರ ಮನೇಲಿ ಉಣ್ಣಾಣ ಅಂತ ಕಾಪೀನೂ ಕುಡೀದೆ ಬಂದ್ವಿ. ನಮ್ಮನ್ನ ಕುಂಡ್ರಿಸ್ಕಂಡು ನೀವು ಉಂಡ್ರಿ! ಒಂದ್ ಮಾತು ಬಲವಂತ ಮಾಡ್ದೇ ಇರೋ ಮನೇಲಿ ಎಂಥ ಸಂಬಂಧ? ಏಳವ್ವ, ಹೋಗಾಣ."

ಚಂದ್ರಕಲಾಳ ಕಣ್ಣು ತುಂಬಿಬಂತು. ನಿಜವಾಗಿಯೂ ಹೇಳುತ್ತೇನೆ, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆಗ ಎದ್ದಳು ನೋಡಿ ಪುಟ್ಟಗಂಗಮ್ಮ! ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಫ್ಜಲಣ್ಣ, ಏನೈತೋ ಎಲ್ಲಾ ತತ್ತಾ!" ಎಂದು ಕೂಗಿದಳು. ಹುಚ್ಚಕ್ಕನ ಹೆಗಲು ಒತ್ತಿ ಕೂರಿಸಿದಳು.

"ಬ್ಯಾಡ ಕಣವ್ವ..." ಎಂದಿತು ಅಜ್ಜಿ, ಕೂರುತ್ತಾ.

"ನೀವು ಉಣ್ದೇ ಹೋದ್ರೆ ನನ್ನ ಹೆಣ ನೋಡ್ದಂಗೆ ಅಜ್ಜಿ! ಈ ಮೋಟಾರಪ್ಪಂಗೆ ತಂತಿ ಸುತ್ತೋದು ಬುಟ್ರೆ ಇನ್ನೇನು ಗೊತ್ತು? ತಕಳಿ!"

ಆಣೆ ಬಿತ್ತು, ಅಣೆಕಟ್ಟು ಒಡೆಯಿತು! ಬರ್ಗರ್ ಬಂದದ್ದೇ ತಡ, ಹುಚ್ಚಕ್ಕ ಅದನ್ನು ಮುರಿದು, ಉಂಡೆ ಮಾಡಿ, ರಾಮೆನ್ ಸಾರಿನಲ್ಲಿ ಅದ್ದಿ, ಮುದ್ದೆಯ ತುತ್ತಿನಂತೆ ಗುಳಕ್ಕನೆ ನುಂಗಿತು. "ಸಾರು ವಸಿ ಸಪ್ಪೆ. ಬನ್ನು ಅಡ್ಡಿಲ್ಲ" ಎಂದು ತೀರ್ಪು ಕೊಟ್ಟಿತು. ಉಳಿದವರೂ ಹಾಗೆಯೇ ಶುರುಮಾಡಿದರು. ಪುಟ್ಟಗಂಗಮ್ಮ ಕೈ ಸರಿಸಿ ಸರಿಸಿ ಬಡಿಸಿದಳು. ಅವರು ಬೇಡ ಬೇಡ ಎನ್ನುತ್ತಲೇ ಅಫ್ಜಲನ ಅಡುಗೆಮನೆ ಗುಡಿಸಿ ಹಾಕಿದರು! ನಾನು ಮೂಲೆಯಲ್ಲಿ ನೀರಿನ ಜಗ್ ಹಿಡಿದು ನಿಂತಿದ್ದೆ.

ಮಾತುಕತೆ ಅಲ್ಲೇ, ಆ ಕೆಂಪು ಕುರ್ಚಿಗಳ ಮೇಲೆಯೇ ನಡೆಯಿತು. ಮದುವೆ ಯಾವ ಛತ್ರದಲ್ಲಿ, ಸೀರೆ ಯಾರ ಕಡೆಯದು, ಓಲಗ ಯಾರದು ಎಂದು ಎರಡೂ ಕಡೆ ಹಗ್ಗಜಗ್ಗಾಟ ನಡೆಸಿ, ಕೊನೆಗೆ ಎಲ್ಲಕ್ಕೂ ತಲೆಯಾಡಿಸಿದರು. ಚಂದ್ರಕಲಾ ನಕ್ಕಳು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಹುಚ್ಚಕ್ಕ ಕೈ ಎತ್ತಿತು. "ತಡೀರಿ. ನಂದೊಂದು ಷರತ್ತೈತೆ. ಅದಕ್ಕೆ ಒಪ್ಪಿದ್ರೇನೇ ಮದ್ವೆ."

ನಾನು ಮನಸ್ಸಿನಲ್ಲೇ ದುಡ್ಡಿನ ಲೆಕ್ಕ ಹಾಕತೊಡಗಿದೆ. ಚಿನ್ನ ಕೇಳುತ್ತದೋ, ಬೈಕ್ ಕೇಳುತ್ತದೋ!

ಅಜ್ಜಿ ನನ್ನ ಕಡೆ ಬೆರಳು ತೋರಿಸಿತು. "ಮದ್ವೆ ದಿನ ಈ ದೊಡ್ಡಳಿಯಂದ್ರು ಊಟದ ಪಂಕ್ತಿ ತಾವ ಸುಳೀಕೂಡ್ದು."

ನನ್ನ ಪರವಾಗಿ ಒಂದು ಮಾತಾದರೂ ಆಡಲಿ ಎಂದು ಆಸೆಯಿಂದ ಹೆಂಡತಿಯ ಕಡೆ ನೋಡಿದೆ.

"ಒಪ್ಗೆ ಕಣಜ್ಜಿ!" ಎಂದಳು ಪುಟ್ಟಗಂಗಮ್ಮ. ಇಡೀ ಮಾತುಕತೆಯಲ್ಲಿ ಚೌಕಾಸಿಯೇ ಇಲ್ಲದೆ ಪಾಸಾದ ಷರತ್ತು ಅದೊಂದೇ.